ರಕ್ತ ಕಂಡರೆ ತಲೆ ಸುತ್ತು, ಆದರೂ ಆಸ್ಪತ್ರೆ ಕೆಲಸವೇ ಬೇಕು!

ಪ್ರಶ್ನೆ: ಮೇಡಂ, ನಾನು ತರೀಕೆರೆ ಕಡೆಯವಳು. ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ, ಶೇ 81 ಬಂದಿದೆ. ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಅಪ್ಪ ಇನ್ನೊಂದು ವರ್ಷ ಕೋಚಿಂಗ್‌ಗೆ ಹೋಗು ಅಂತಾರೆ. ಮಾವ ನರ್ಸಿಂಗ್ ಸೇರಿಸಿ ಅಂತಾರೆ. ಏಜೆಂಟ್ ಒಬ್ಬರು ದಿನಾ ಫೋನ್ ಮಾಡಿ ಅಡ್ವಾನ್ಸ್ ಕಟ್ಟಿ ಅಂತಿದ್ದಾರೆ. ಆಸ್ಪತ್ರೆ ಕೆಲಸ ನನಗೂ ಇಷ್ಟ. ಆದರೆ ರಕ್ತ ನೋಡಿದರೆ ತಲೆ ಸುತ್ತುತ್ತದೆ. ಮನೆಯಲ್ಲಿ ಇದನ್ನು ಹೇಳಿಲ್ಲ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನನ್ನ ಮಗಳ ವಯಸ್ಸಿನವಳು ನೀನು, ಏಕವಚನದಲ್ಲೇ ಬರೆಯುತ್ತೇನೆ. ಮೊದಲು ನನ್ನ ಗುಟ್ಟು ಕೇಳು. ಕಿಡ್ನಿ ಕೆಲಸ ಮಾಡದವರ ರಕ್ತವನ್ನು ಮೆಷಿನ್‌ನಲ್ಲಿ ಶುದ್ಧ ಮಾಡುವ ಡಯಾಲಿಸಿಸ್ ಟೆಕ್ನಿಷಿಯನ್ ನಾನು. ಮೊದಲ ದಿನ ನಾನೂ ಬಿದ್ದವಳೇ. ನಮ್ಮ ಸೂಜಿ ಇಂಜೆಕ್ಷನ್ ಸೂಜಿಯಂಥದ್ದಲ್ಲ, ದಪ್ಪ. ಒಬ್ಬರ ಕೈಗೆ ಎರಡು ಹಾಕಬೇಕು. ಒಂದರಿಂದ ರಕ್ತ ಮೆಷಿನ್‌ಗೆ ಹೋಗುತ್ತದೆ, ಇನ್ನೊಂದರಿಂದ ವಾಪಸ್ ಬರುತ್ತದೆ. ಪೈಪ್ ಕೆಂಪಾಗಿದ್ದು ನೋಡಿದೆ, ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಪೇಷಂಟ್ ಅಜ್ಜನೇ ಸಿಸ್ಟರನ್ನು ಕರೆದು, ‘ಈ ಹುಡುಗಿಗೆ ಕಾಫಿ ಕೊಡಿ’ ಅನ್ನುತ್ತಿದ್ದರು.

ತಿಂಗಳೊಳಗೆ ಅದು ಹೋಯಿತು. ತುಂಬ ಜನರಿಗೆ ನೋಡ್ತಾ ನೋಡ್ತಾ ಅಭ್ಯಾಸ ಆಗುತ್ತದೆ. ಕೆಲವರಿಗೆ ಆಗುವುದೇ ಇಲ್ಲ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ನೀನು ಯಾವ ಗುಂಪು ಅಂತ ಫೀಸು ಕಟ್ಟುವ ಮೊದಲೇ ಗೊತ್ತಾಗಬೇಕು, ಅಷ್ಟೇ. ಪರಿಚಯದ ನರ್ಸೋ ಲ್ಯಾಬ್‌ನವರೋ ಇದ್ದರೆ ಅನುಮತಿ ಕೇಳಿ ಎರಡು ದಿನ ಅವರ ಜೊತೆ ನಿಂತು ನೋಡು. ತಿಂಡಿ ತಿಂದು ಹೋಗು. ಖಾಲಿ ಹೊಟ್ಟೆಯಲ್ಲಿ ಯಾರು ಬೇಕಾದರೂ ಬೀಳುತ್ತಾರೆ.

ಅಭ್ಯಾಸ ಆಗುತ್ತೆ ಅನ್ನಿಸಿದರೆ ದಾರಿ ಬೇಕಾದಷ್ಟಿದೆ. ಬಿ.ಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಡಯಾಲಿಸಿಸ್, ಅನಸ್ತೇಶಿಯಾ, ಲ್ಯಾಬ್ ಇವಕ್ಕೆಲ್ಲ ಬೇರೆ ಬೇರೆ ಬಿ.ಎಸ್ಸಿ ಇದೆ. ‘ಟೆಕ್ನಿಷಿಯನ್ ಅಂದ್ರೆ ಅಟೆಂಡರ್ ತರ’ ಅಂತ ನೆಂಟರು ಅಂದರೆ ನಕ್ಕು ಸುಮ್ಮನಿರು. ಹೆಚ್ಚಿನ ಪೇಷಂಟ್‌ಗಳು ವಾರಕ್ಕೆ ಎರಡು ಮೂರು ಸಲ, ಪ್ರತಿಸಲ ನಾಲ್ಕು ಗಂಟೆ ನಮ್ಮ ಮುಂದೆ ಮಲಗಿರುತ್ತಾರೆ. ಅವರ ತೂಕ ಎಷ್ಟು ಜಾಸ್ತಿಯಾಗಿದೆ, ಮಗಳ ಮದುವೆ ಎಲ್ಲಿಗೆ ಬಂತು, ಎಲ್ಲವೂ ನಮಗೆ ಗೊತ್ತು. ಆದರೆ ಬೆಳಗಿನ ಜಾವದ ಶಿಫ್ಟ್ ಇರುತ್ತದೆ, ಹಬ್ಬಕ್ಕೆ ರಜೆ ಸಿಗುವುದು ಅಪರೂಪ. ಶುರುವಿನ ಸಂಬಳ ಕೇಳಿದರೆ ನಿಮ್ಮಪ್ಪ ಮುಖ ಸಿಂಡರಿಸಬಹುದು.

ಆಗುವುದೇ ಇಲ್ಲ ಅನ್ನಿಸಿದರೆ ಮೈಸೂರಿನ ಕಡೆ ನೋಡು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿನ ಬಿಎಎಸ್‌ಎಲ್‌ಪಿ, ಅಂದರೆ ಕಿವಿ ಮತ್ತು ಮಾತಿನ ತೊಂದರೆಗಳ ಚಿಕಿತ್ಸೆ ಕಲಿಸುವ ಪದವಿ ಕೋರ್ಸ್, ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಕಿವಿ ಕೇಳದ ಮಗುವಿಗೆ ಮಾತು ಕಲಿಸುವುದು, ಲಕ್ವ ಹೊಡೆದು ಮಾತು ನಿಂತವರಿಗೆ ಮತ್ತೆ ಮಾತಾಡಿಸುವುದು, ಇಂಥ ಕೆಲಸ. ರಕ್ತ ಬೇಡ, ತಾಳ್ಮೆ ಬೇಕು. ನಮ್ಮ ಊರುಗಳಲ್ಲಿ ಈ ಕೋರ್ಸಿನ ಹೆಸರೇ ಯಾರೂ ಹೇಳುವುದಿಲ್ಲ, ಅದೇ ನನಗೆ ಬೇಜಾರು. ಕಣ್ಣು ಪರೀಕ್ಷೆ ಮಾಡುವ ಆಪ್ಟೋಮೆಟ್ರಿಯೂ ಇದೆ. ಎಕ್ಸ್‌ರೇ, ಸ್ಕ್ಯಾನಿಂಗ್ ವಿಭಾಗ ಆರಾಮ ಅಂದುಕೊಳ್ಳಬೇಡ, ಅಪಘಾತದ ಕೇಸೆಲ್ಲ ಅಲ್ಲಿಗೂ ಬರುತ್ತವೆ.

ಇನ್ನು ಕೋಚಿಂಗ್. ಡಾಕ್ಟರ್ ಆಗಬೇಕು ಅಂತ ನಿನ್ನ ಪತ್ರದಲ್ಲಿ ಒಂದು ಕಡೆಯೂ ಇಲ್ಲ. ಮತ್ಯಾಕೆ ಒಂದು ವರ್ಷ?

ಏಜೆಂಟ್‌ಗೆ ಒಂದು ರೂಪಾಯಿಯೂ ಕೊಡಬೇಡ. ಕಾಲೇಜಿನ ಹೆಸರು ಕೇಳಿಕೊಂಡು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವೆಬ್‌ಸೈಟ್‌ನಲ್ಲಿ ಆ ಕಾಲೇಜು, ಅದೇ ಕೋರ್ಸು ಇದೆಯಾ ನೋಡು. ನರ್ಸಿಂಗ್ ಆದರೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆಯನ್ನೂ ನೋಡು. ಆ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ಇಲ್ಲದಿದ್ದರೆ ಪ್ರಾಕ್ಟಿಕಲ್‌ಗೆ ಎಲ್ಲಿ ಕಳಿಸುತ್ತಾರೆ ಅಂತ ಸೀನಿಯರ್ ಹುಡುಗಿಯರನ್ನು ಕೇಳು. ನನ್ನ ಜೊತೆಗೆ ಸೇರಿದ ಒಬ್ಬಳು ಓದು ಮುಗಿಸುವವರೆಗೆ ಮೆಷಿನ್ ಮುಟ್ಟಿಯೇ ಇರಲಿಲ್ಲ.

ತಲೆ ಸುತ್ತುವ ವಿಷಯ ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿಬಿಡು. ನಾಳೆಯಿಂದ ಏಜೆಂಟ್ ಫೋನ್ ಅವರೇ ಎತ್ತಲಿ.