ಕಾದಂಬರಿಯ ಸಂಕೇತಗಳನ್ನು ಲೇಖಕರು ಮೊದಲೇ ಯೋಜಿಸಿರುತ್ತಾರೆಯೇ?

ಕೆಲವರು ಯೋಜಿಸುತ್ತಾರೆ, ಆದರೆ ತರಗತಿಯ ಪಾಠ ಕೇಳಿ ನಾವು ಊಹಿಸಿಕೊಳ್ಳುವಷ್ಟು ಮಂದಿಯಲ್ಲ. ಐರಿಷ್ ಲೇಖಕ ಜೇಮ್ಸ್ ಜಾಯ್ಸ್ ತನ್ನ ‘ಯುಲಿಸಿಸ್’ ಕಾದಂಬರಿಯ ಅಧ್ಯಾಯಗಳಿಗೆ ಪ್ರಾಚೀನ ಗ್ರೀಕ್ ಕವಿ ಹೋಮರನ ಕಾವ್ಯದ ಪ್ರಸಂಗ, ದೇಹದ ಅಂಗ, ಬಣ್ಣ, ಕಲೆ ಇತ್ಯಾದಿಗಳನ್ನು ಹೊಂದಿಸಿದ ಕೋಷ್ಟಕವೊಂದನ್ನು 1920ರಲ್ಲಿ ಕಾರ್ಲೊ ಲಿನಾಟಿ ಎಂಬ ವಿಮರ್ಶಕನಿಗೆ ಕಳುಹಿಸಿದ್ದ, ಅಲ್ಲಿ ಉದ್ದೇಶವನ್ನು ಅಲ್ಲಗಳೆಯುವಂತಿಲ್ಲ. ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಪ್ರಕಟವಾದ 1952ರಲ್ಲಿ ಅದರ ಲೇಖಕ ಹೆಮಿಂಗ್ವೇ ಮಾತ್ರ, ಸಮುದ್ರವೆಂದರೆ ಸಮುದ್ರ, ಮುದುಕನೆಂದರೆ ಮುದುಕ, ಸಂಕೇತವೇನೂ ಇಲ್ಲ ಎಂದು ಪತ್ರವೊಂದರಲ್ಲಿ ಬರೆದ. (ಇಂಥ ನಿರಾಕರಣೆಗಳನ್ನು ಪೂರ್ತಿ ನಂಬಬೇಕಿಲ್ಲವೆನ್ನಿ.)

ಹೆಚ್ಚಿನ ಬರವಣಿಗೆ ಇವೆರಡರ ನಡುವೆ ನಡೆಯುತ್ತದೆ. ಮೊದಲ ಕರಡಿನಲ್ಲಿ ಪಾತ್ರವೊಂದು, ಮಾತಿನ ನಡುವೆ ಕೈಗೊಂದು ಕೆಲಸವಿರಲೆಂಬ ಕಾರಣಕ್ಕಷ್ಟೇ, ನಿಂತುಹೋದ ಗಡಿಯಾರಕ್ಕೆ ಕೀ ಕೊಡುತ್ತದೆ. ನೂರು ಪುಟಗಳ ಬಳಿಕ ಸಾವಿನ ದೃಶ್ಯದಲ್ಲಿ ಅದೇ ಗಡಿಯಾರ ತಾನಾಗಿಯೇ ಬಂದು ಕೂರುತ್ತದೆ. ತಿದ್ದುವಾಗ ಅದನ್ನು ಗಮನಿಸಿದ ಲೇಖಕಿ ನಡುವಿನ ಅಧ್ಯಾಯವೊಂದರಲ್ಲಿ ಅದರ ಟಿಕ್ ಟಿಕ್ ಸದ್ದನ್ನು ಬೇಕೆಂದೇ ಸೇರಿಸುತ್ತಾಳೆ. ಆಕಸ್ಮಿಕವಾಗಿ ಬಂದದ್ದು ಉದ್ದೇಶವಾಗುವುದು ಹೀಗೆ, ಬಹುಪಾಲು ತಿದ್ದುಪಡಿಯ ಹಂತದಲ್ಲಿ.

ಲೇಖಕರು ಉದ್ದೇಶಿಸದ ಅರ್ಥವನ್ನು ಓದುಗರು ಕಂಡುಕೊಂಡರೆ ಅದು ತಪ್ಪೆಂದು ನನಗನ್ನಿಸುವುದಿಲ್ಲ. ಆದರೆ ಆ ವಸ್ತು ಮತ್ತೆ ಮತ್ತೆ ಬರುವುದು, ಕಥೆಯ ತಿರುವುಗಳಲ್ಲಿ ಕಾಣಿಸಿಕೊಳ್ಳುವುದು ಮುಂತಾದ ಆಧಾರಗಳನ್ನು ಅವರು ಪಠ್ಯದೊಳಗಿಂದಲೇ ತೋರಿಸಬೇಕಾಗುತ್ತದೆ.