ಸುಕ್ರಲೋಸ್ ಎಸ್‌ಟಿಪಿಯಲ್ಲಿ ಹೋಗುತ್ತದಾ?

ಕದ್ರಿಯ ನಿಮ್ಮ ಫ್ಲ್ಯಾಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೀರು ಅಷ್ಟು ತಿಳಿಯಾಗಿ ಬರುತ್ತದೆ, ಹಾಗಾದ್ರೆ ಸಕ್ಕರೆ ಬದಲು ಚಾಗೆ ಹಾಕುವ ಸುಕ್ರಲೋಸೂ ಹೋಗಿರಬೇಕಲ್ವಾ, ಪಕ್ಕದ ಬಾವಿಗೆ ತೊಂದರೆ ಇಲ್ಲ ತಾನೇ ಅಂತ ಕೇಳಿದ್ದೀರಿ. ಇಲ್ಲ ಮಾರಾಯ್ರೆ, ಅದು ಹೋಗಿರುವುದಿಲ್ಲ.

ಸುಕ್ರಲೋಸ್ ಅಂದ್ರೆ ಸಕ್ಕರೆಯ ಅಣುವಿಗೇ ಮೂರು ಕ್ಲೋರಿನ್ ಕೂರಿಸಿದ್ದು. ನಮ್ಮ ದೇಹ ಅದನ್ನು ಹೆಚ್ಚುಕಮ್ಮಿ ಹಾಗೇ ಹೊರಗೆ ಹಾಕುತ್ತದೆ, ಆಮೇಲೆ ಟ್ಯಾಂಕಿನಲ್ಲಿ ಗಾಳಿ ಊದಿ ಸಾಕಿದ ಆ ಕಂದು ಕೆಸರಿನ ಬ್ಯಾಕ್ಟೀರಿಯಾಗಳಿಗೂ ಅದು ಬೇಡ, ಕೆಸರಿಗೆ ಅಂಟಿಕೊಳ್ಳುವ ಜಾತಿಯೂ ಅಲ್ಲ, ಹಾಗಾಗಿ ನೀರಿನ ಜೊತೆಗೇ ಹೊರಗೆ. ಕೊನೆಗೆ ಹಾಕುವ ಕ್ಲೋರಿನ್‌ಗೂ ಬಗ್ಗುವುದಿಲ್ಲ. ಕಾರ್ಬನ್ ಫಿಲ್ಟರ್ ಹೊಸತಿದ್ದಾಗ ಸ್ವಲ್ಪ ಹಿಡಿಯುತ್ತದೆ, ಹಳತಾದ ಮೇಲೆ ಸುಮ್ನೆ ಶೋಕಿಗೆ.

ಸಕ್ಕರೆ ಬದಲಿಗೆ ಬಳಸುವ ಸಿಹಿಗಳೆಲ್ಲವೂ ಹೀಗಲ್ಲ. ಸ್ಯಾಕರಿನ್ ಬಹುಪಾಲು ಎಸ್‌ಟಿಪಿಯಲ್ಲೇ ಮುಗಿಯುತ್ತದೆ, ಆಸ್ಪರ್ಟೇಮ್ ನಮ್ಮ ಹೊಟ್ಟೆಯಲ್ಲೇ ಒಡೆದುಹೋಗುತ್ತದೆ. ಅಸಿಸಲ್ಫೇಮ್ ಕೂಡ ಸಾಮಾನ್ಯವಾಗಿ ಗಟ್ಟಿ ಆಸಾಮಿ. 2009ರಲ್ಲಿ ಸ್ವಿಟ್ಜರ್ಲೆಂಡಿನವರು ಅಂತರ್ಜಲಕ್ಕೆ ಕೊಳಚೆ ಸೇರಿದೆಯಾ ಅಂತ ಪತ್ತೆ ಮಾಡಲು ಅದನ್ನೇ ಗುರುತಾಗಿ ಹಿಡಿದಿದ್ದರು.

ಇನ್ನು ಬಾವಿ. ನಮ್ಮದು ಮುರಕಲ್ಲಿನ ನೆಲ, ತೂತು ಜಾಸ್ತಿ, ಗಾರ್ಡನ್‌ಗೆ ಬಿಟ್ಟ ಎಸ್‌ಟಿಪಿ ನೀರು ಬೇಗ ಇಳಿಯುತ್ತದೆ. ಬಾವಿಯಲ್ಲಿ ಸುಕ್ರಲೋಸ್ ಸಿಕ್ಕಿದರೆ ಕೊಳಚೆ ನೀರು ಅಲ್ಲಿಗೆ ತಲುಪಿದೆ ಅಂತಲೇ ಲೆಕ್ಕ. ಆದರೆ ಅದರ ಟೆಸ್ಟಿಗೆ ಈಗಲೇ ದುಡ್ಡು ಸುರಿಯಬೇಡಿ, ಮೊದಲು ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ), ನೈಟ್ರೇಟ್ ನೋಡಿಸಿ.