ಮಾರ್ಕ್ಸ್ ಏರಿತು ಸರಿ, ನಿಮ್ಮ ಟ್ಯೂಷನ್‌ನಿಂದಲೇ ಏರಿತೇ?

ಪ್ರಶ್ನೆ: ಪೀಣ್ಯದ ಒಂದು ಸರ್ಕಾರಿ ಶಾಲೆಯಲ್ಲಿ ನಾವು ಗೆಳೆಯರು ಸೇರಿ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಸಂಜೆ ಉಚಿತ ಟ್ಯೂಷನ್ ನಡೆಸುತ್ತೇವೆ. ಜೂನ್‌ನಲ್ಲಿ 35 ಮಕ್ಕಳಿದ್ದರು, ಗಣಿತದಲ್ಲಿ ಸರಾಸರಿ 50ಕ್ಕೆ 19. ಮಾರ್ಚ್‌ನಲ್ಲಿ 24 ಮಕ್ಕಳು, ಸರಾಸರಿ 31. ಬರುವ ವರ್ಷ ಎಂಟು ಶಾಲೆಗಳಲ್ಲಿ ಶುರುಮಾಡುವ ಆಸೆ. ಹಣ ಕೊಡುವವರು ‘ಕೆಲವು ಮಕ್ಕಳನ್ನು ಹೊರಗಿಟ್ಟು ಹೋಲಿಸಿ, ಆಮೇಲೆ ನೋಡೋಣ’ ಅನ್ನುತ್ತಾರೆ. ಬಡವರ ಮಕ್ಕಳನ್ನು ಹೊರಗಿಡುವುದು ಅನ್ಯಾಯವಲ್ಲವೇ?
– ಓದುಗರೊಬ್ಬರು, ದಾಸರಹಳ್ಳಿ

ಉತ್ತರ: ಅನ್ಯಾಯದ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ 11 ಮಕ್ಕಳು ಎಲ್ಲಿ ಹೋದರು ಹೇಳಿ. ಹಾಜರಿ ಪುಸ್ತಕ ತೆಗೆದು ನೋಡಿ: ಕಟ್ಟಡದ ಕೆಲಸ ಮುಗಿದು ಅಪ್ಪ ಅಮ್ಮನ ಜೊತೆ ಊರಿಗೆ ಹೋದವರು, ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಉಳಿದವರು ಇರುತ್ತಾರೆ. ಜೂನ್‌ನಲ್ಲಿ ತೀರಾ ಕಡಿಮೆ ತೆಗೆದವರು ಅವರೇ ಆಗಿದ್ದರೆ, ನೀವು ಏನೂ ಕಲಿಸದಿದ್ದರೂ ಸರಾಸರಿ ಏರುತ್ತಿತ್ತು. ಉಳಿದ 24 ಮಕ್ಕಳ ಜೂನ್ ಅಂಕ ಮಾತ್ರ ತೆಗೆದುಕೊಂಡು ಮತ್ತೆ ಲೆಕ್ಕ ಹಾಕಿ. 19ರ ಬದಲು 23 ಬಂದರೆ ನನಗೇನೂ ಆಶ್ಚರ್ಯವಿಲ್ಲ.

ಉಳಿದ ಏರಿಕೆಯೂ ಪೂರ್ತಿ ನಿಮ್ಮದಲ್ಲ. 52ರಲ್ಲಿ 27 ಕಳೆ ಅಂದರೆ ಜೂನ್‌ನಲ್ಲಿ 35 ಅಂತ ಬರೆದ ಹುಡುಗಿ ಮಾರ್ಚ್‌ನಲ್ಲಿ 25 ಬರೆದಳು ಅನ್ನಿ. ದಶಕ ತೆಗೆದುಕೊಳ್ಳುವುದನ್ನು ಅವಳಿಗೆ ಹೇಳಿಕೊಟ್ಟದ್ದು ನೀವೋ, ಬೆಳಗಿನ ಕ್ಲಾಸಿನ ಮೇಡಮ್ಮೋ? ಟ್ಯೂಷನ್ ಸಿಗದ ಅಂಥದೇ ಮಕ್ಕಳು ಎಷ್ಟು ಕಲಿತರು ಅಂತ ನೋಡದೆ ಹೇಳಲಾಗದು. (ಸರ್ಕಾರಗಳೂ ಇಲ್ಲೇ ಎಡವುತ್ತವೆ. ಶಕ್ತಿ ಯೋಜನೆಯಲ್ಲಿ ಹರಿದ ಶೂನ್ಯ ಟಿಕೆಟ್ ಎಣಿಸಬಹುದು. ಅದರಿಂದ ಎಷ್ಟು ಹೆಂಗಸರಿಗೆ ಹೊಸ ಕೆಲಸ ಸಿಕ್ಕಿತು ಅನ್ನುವುದು ಆ ಎಣಿಕೆಯಲ್ಲಿ ಇರುವುದಿಲ್ಲ.)

ಈಗ ಅನ್ಯಾಯದ ಮಾತು. ಯಾವ ಶಾಲೆಯನ್ನೂ ಹೊರಗಿಡದೆ ಹೋಲಿಸುವ ದಾರಿ ಇದೆ. ‘ಪ್ರಥಮ್’ ಸಂಸ್ಥೆಯ ಬಾಲಸಖಿ ಕಾರ್ಯಕ್ರಮದಲ್ಲಿ ಹಿಂದುಳಿದ ಮಕ್ಕಳಿಗೆ ಅದೇ ಬಡಾವಣೆಯ ಯುವತಿ ದಿನಕ್ಕೆ ಎರಡು ಗಂಟೆ ಪಾಠ ಹೇಳುತ್ತಿದ್ದಳು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅದನ್ನು ಪರೀಕ್ಷಿಸಿದ ತಂಡದಲ್ಲಿದ್ದರು. ವಡೋದರಾದಲ್ಲಿ ಅರ್ಧ ಶಾಲೆಗಳಿಗೆ ಮೂರನೇ ಕ್ಲಾಸಿಗೆ, ಉಳಿದರ್ಧಕ್ಕೆ ನಾಲ್ಕನೇ ಕ್ಲಾಸಿಗೆ ಬಾಲಸಖಿ ಸಿಕ್ಕಿದಳು. ಬಾಲಸಖಿ ಸಿಕ್ಕ ಮೂರನೇ ಕ್ಲಾಸನ್ನು ಉಳಿದ ಶಾಲೆಗಳ ಮೂರನೇ ಕ್ಲಾಸಿನ ಜೊತೆ ಹೋಲಿಸಿದರು, ನಾಲ್ಕನೆಯದನ್ನೂ ಹಾಗೆಯೇ. ಮಕ್ಕಳ ಅಂಕ ಚೆನ್ನಾಗಿಯೇ ಏರಿತು; ಆದರೆ ಕಾರ್ಯಕ್ರಮ ನಿಂತು ಒಂದು ವರ್ಷವಾಗುವಷ್ಟರಲ್ಲಿ ಆ ಲಾಭದ ಬಹುಪಾಲು ಕರಗಿತ್ತು. ಹಾಗಾಗಿ ಮಾರ್ಚ್‌ನಲ್ಲೇ ಪಟಾಕಿ ಹೊಡೆಯಬೇಡಿ, ಮರುವರ್ಷವೂ ಒಮ್ಮೆ ಪರೀಕ್ಷೆ ಮಾಡಿ.

ನೀವೂ ನಾಲ್ಕು ಶಾಲೆಗಳಲ್ಲಿ ನಾಲ್ಕನೇ ಕ್ಲಾಸು, ನಾಲ್ಕರಲ್ಲಿ ಐದನೇ ಕ್ಲಾಸು ತೆಗೆದುಕೊಳ್ಳಿ. ಎಂಟೂ ಶಾಲೆಗಳ ಎರಡೂ ಕ್ಲಾಸಿಗೆ ಮೊದಲೊಮ್ಮೆ, ಕೊನೆಗೊಮ್ಮೆ ಪರೀಕ್ಷೆ. ಪೇಪರ್ ತಿದ್ದುವವರು ನಿಮ್ಮವರಾಗಿರಬಾರದು. ಟ್ಯೂಷನ್ ಬಿಟ್ಟರೂ ಶಾಲೆಗೆ ಬರುವ ಮಗುವನ್ನು ಪಟ್ಟಿಯಿಂದ ತೆಗೆಯಬೇಡಿ. ಎಂಟು ಶಾಲೆ ಎಂದರೆ ಸಣ್ಣ ಸಂಖ್ಯೆ, ದೊಡ್ಡ ವ್ಯತ್ಯಾಸ ಬಂದರಷ್ಟೇ ಕಾಣುತ್ತದೆ. ಇದನ್ನು ಹಣ ಕೊಡುವವರಿಗೆ ಈಗಲೇ ಹೇಳಿಬಿಡಿ.

ಯಾವ ಶಾಲೆಗೆ ಯಾವ ಕ್ಲಾಸು ಅನ್ನುವುದನ್ನು ಆರ್‌ಟಿಇ ಸೀಟಿನ ಹಾಗೆ ಲಾಟರಿಯೇ ನಿರ್ಧರಿಸಲಿ. ನೀವೇ ಆರಿಸಿದರೆ ಚುರುಕು ಹೆಡ್‌ಮಾಸ್ಟರ್ ಇರುವ ಶಾಲೆಗಳೆಲ್ಲ ಒಂದೇ ಕಡೆ ಸೇರಿಬಿಡುತ್ತವೆ. ಚೀಟಿಯನ್ನು ಎಂಟೂ ಶಾಲೆಗಳ ಹೆಡ್‌ಮಾಸ್ಟರ್‌ಗಳನ್ನು ಕೂರಿಸಿಕೊಂಡು ಅವರ ಎದುರಿಗೇ ಎತ್ತಿ. ಆಮೇಲೆ ಯಾರೂ ತಕರಾರು ತೆಗೆಯುವುದಿಲ್ಲ.